ಅಸಲಿ ಮೈಸೂರೋರು ಯಾರು ಸ್ವಾಮಿ?

ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬೆಳಗ್ಗಿಂದ ಒಂದೇ ಗಲಾಟೆ, ಅಸಲಿ ಮೈಸೂರೋರು ಯಾರು, ಹೊರಗಿಂದ ಬಂದೋರು ಯಾರು ಅಂತ. ಅಲ್ರಪ್ಪಾ, ನಮ್ಮ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದೇ ನಾಲ್ವಡಿಯವರು, ಆಗ ದಿವಾನರಾಗಿದ್ದೋರು ಮಿರ್ಜಾ ಇಸ್ಮಾಯಿಲ್, ಅತ್ಲಾಗೆ ಪಿರಿಯಾಪಟ್ಟಣದ ಕಡೆ ಬೈಲಕುಪ್ಪೇಲಿ ಟಿಬೆಟಿನೋರು 1960ರ ದಶಕದಿಂದ ಮುಸುಕಿನ ಜೋಳ ಬೆಳ್ಕೊಂಡು ಬದುಕ್ತಾವ್ರೆ, ಇದ್ರಲ್ಲಿ ಯಾರನ್ನ ಆಚೆ ಇಡ್ತೀರಾ? ಹಂಗಂತ ನಾನೇನ್ ದೊಡ್ಡ ವಿಶ್ವಮಾನವಿ ಅಲ್ಲ, ವರ್ಷಗಟ್ಲೆ ಇಲ್ಲೇ ಇದ್ದು ಒಂದಕ್ಷರ ಕನ್ನಡ ಕಲೀದೋರನ್ನ ಕಂಡ್ರೆ ನಂಗೂ ಮೈ ಉರಿಯುತ್ತೆ, ಸುಳ್ ಯಾಕೇಳ್ಲಿ. ಮೊನ್ನೆ ರಸ್ತೆ ಬದಿ ಸ್ವೆಟರ್ ಮಾರ್ತಿದ್ದ ಟಿಬೆಟಿಯನ್ ಅಜ್ಜಿ ಹತ್ರ ಚೌಕಾಸಿಗೆ ನಿಂತೆ. ಕಣ್ಣೂ ಎತ್ತದೆ ಸ್ವೆಟರ್ ಮಡಚ್ತಾ "ಹೋಗವ್ವ ಹೋಗು, ಆ ದುಡ್ಡಿಗೆ ದಾರಾನೂ ಬರಲ್ಲ" ಅಂದ್ರು, ಥೇಟ್ ನಮ್ಮತ್ತೆ! ಬಾಯ್ಮುಚ್ಕೊಂಡು ಹೇಳಿದ್ ರೇಟಿಗೇ ತಗೊಂಡ್ ಬಂದೆ.