ಲ್ಯಾಬ್ ಮೆಷೀನಲ್ಲಿ ಕೀಕ್ಯಾಡ್ ಲೈಬ್ರರಿ ಪಾತ್ ಕೂರಿಸೋದು

ಕೀಕ್ಯಾಡ್ ಅಂದ್ರೆ ಎಲೆಕ್ಟ್ರಾನಿಕ್ ಸರ್ಕ್ಯೂಟು, ಸರ್ಕ್ಯೂಟ್ ಬೋರ್ಡು ಡಿಸೈನ್ ಮಾಡೋ ಸಾಫ್ಟ್‌ವೇರ್. ಅದನ್ನ ಒಬ್ರೇ ಒಂದು ಲ್ಯಾಪ್‌ಟಾಪಲ್ಲಿ ಉಪಯೋಗಿಸ್ತಿದ್ರೆ ಲೈಬ್ರರಿ ಪಾತ್ (ಪಾರ್ಟುಗಳ ಫೈಲು ಯಾವ ಫೋಲ್ಡರಲ್ಲಿದೆ ಅನ್ನೋ ವಿಳಾಸ) ಬಗ್ಗೆ ತಲೆಕೆಡಿಸ್ಕೊಳ್ಳೋದೇ ಬೇಡ, ಇನ್‌ಸ್ಟಾಲ್ ಮಾಡಿದ್ರೆ ರೆಸಿಸ್ಟರ್ರು, ಕನೆಕ್ಟರ್ರು, ಐಸಿ ಎಲ್ಲಾ ತಾನಾಗೇ ಬಂದು ಕೂತಿರತ್ತೆ. ತಲೆನೋವು ಶುರುವಾಗೋದು ಕಾಲೇಜು ಲ್ಯಾಬಲ್ಲಿ, ಅಲ್ಲಿ ಒಂದೇ ಮೆಷೀನಿಗೆ ಬೆಳಿಗ್ಗೆ ಒಂದು ಬ್ಯಾಚು ಮಧ್ಯಾಹ್ನ ಇನ್ನೊಂದು ಬ್ಯಾಚು ಬೇರೆಬೇರೆ ಲಾಗಿನ್ನಲ್ಲಿ ಬಂದು ಕೂರತ್ತೆ, ಇಲ್ಲಾ ಸಣ್ಣ ಡಿಸೈನ್ ಆಫೀಸಲ್ಲಿ ನಾಲ್ಕಾರು ಜನ ಒಂದೇ ಪಾರ್ಟ್ಸ್ ಲೈಬ್ರರಿ ಹಂಚ್ಕೊಂಡಾಗ.

ಇದರಲ್ಲಿ ಕೆಟ್ಟ ವಿಷಯ ಏನಂದ್ರೆ ತೊಂದರೆ ಇದೆ ಅಂತ ಮೊದಲಿಗೆ ಗೊತ್ತೇ ಆಗಲ್ಲ. ಕೀಕ್ಯಾಡ್ 6ರಿಂದ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ಚಿತ್ರದ) ಫೈಲಿನೊಳಗೇ ಸಿಂಬಲ್‌ಗಳ, ಅಂದ್ರೆ ಪಾರ್ಟಿನ ಚಿಹ್ನೆಗಳ, ಕಾಪಿ ಇರತ್ತೆ, ಬೋರ್ಡ್ ಫೈಲಲ್ಲಿ ಫುಟ್‌ಪ್ರಿಂಟ್ (ಬೋರ್ಡ್ ಮೇಲೆ ಪಾರ್ಟ್ ಕೂರೋ ಜಾಗದ ಅಚ್ಚು) ಕಾಪಿ ಮುಂಚಿಂದನೂ ಇದೆ, ಹಾಗಾಗಿ ಲೈಬ್ರರಿ ಸಿಗದಿದ್ರೂ ಡಿಸೈನ್ ಚೆನ್ನಾಗೇ ಓಪನ್ ಆಗತ್ತೆ. ಆಮೇಲೆ ಯಾವತ್ತೋ ಲೈಬ್ರರಿಯಿಂದ ಫುಟ್‌ಪ್ರಿಂಟ್ ಅಪ್‌ಡೇಟ್ ಮಾಡಕ್ಕೆ ಹೋದಾಗ ಎರರ್ ಬರತ್ತೆ, ಅಥವಾ 3ಡಿ ವ್ಯೂ ತೆಗೆದ್ರೆ ಬೋರ್ಡ್ ಮೇಲೆ ಅರ್ಧ ಪಾರ್ಟೇ ಇಲ್ಲ.

ಕಾರಣ ಇಷ್ಟೇ. ಲೈಬ್ರರಿ ಎಲ್ಲಿದೆ ಅನ್ನೋದು ಎರಡು ಟೇಬಲ್ ಫೈಲಲ್ಲಿ ಇರತ್ತೆ, ಸಿಂಬಲ್‌ಗೊಂದು, ಫುಟ್‌ಪ್ರಿಂಟ್‌ಗೊಂದು. ಗ್ಲೋಬಲ್ ಟೇಬಲ್ ಅಂತ ಕರೆದ್ರೂ ಅದು ಇಡೀ ಮೆಷೀನಿಗಲ್ಲ, ಒಬ್ಬೊಬ್ಬ ಯೂಸರ್‌ಗೆ ಒಂದೊಂದು. ಲಿನಕ್ಸಲ್ಲಿ ಹೋಮ್ ಒಳಗಿನ ಡಾಟ್ ಕಾನ್ಫಿಗ್ ಫೋಲ್ಡರಲ್ಲಿ, ವಿಂಡೋಸಲ್ಲಿ ಆಪ್ ಡೇಟಾದಲ್ಲಿ, ಅದೂ ವರ್ಶನ್ನಿಗೊಂದು ಫೋಲ್ಡರ್, 8.0 ಬೇರೆ 9.0 ಬೇರೆ. ಇದಲ್ಲದೆ ಪ್ರಾಜೆಕ್ಟ್ ಫೋಲ್ಡರಲ್ಲೂ ಒಂದು ಟೇಬಲ್ ಇಡಬಹುದು, ಎರಡರಲ್ಲೂ ಒಂದೇ ಹೆಸರಿನ ಲೈಬ್ರರಿ ಇದ್ರೆ ಪ್ರಾಜೆಕ್ಟಿಂದೇ ಗೆಲ್ಲೋದು. ಈಗ ಒಬ್ಬ ಹುಡುಗ ತನ್ನ ಡೌನ್‌ಲೋಡ್ಸ್ ಫೋಲ್ಡರಿನ ಪೂರ್ತಿ ಪಾತನ್ನೇ ಟೇಬಲ್ಲಿಗೆ ಹಾಕಿ, ಆ ಪ್ರಾಜೆಕ್ಟ್ ಪಕ್ಕದವಳಿಗೆ ಕೊಟ್ರೆ ಅವಳ ಲಾಗಿನ್ನಿಗೆ ಅವನ ಹೋಮ್ ಫೋಲ್ಡರ್ ಓದಕ್ಕೆ ಪರ್ಮಿಶನ್ ಎಲ್ಲಿಂದ ಬರಬೇಕು?

ನಾನು ಸೆಟಪ್ ಮಾಡೋದಾದ್ರೆ ಹೀಗೆ ಮಾಡ್ತೀನಿ. ಲೈಬ್ರರಿನೆಲ್ಲಾ ಆಪ್ಟ್ ಕೆಳಗೋ ಸರ್ವರ್ ಶೇರಲ್ಲೋ ಒಂದೇ ಕಡೆ ಇಟ್ಟು, ಅದಕ್ಕೆ ಲ್ಯಾಬ್_ಲಿಬ್ ಅನ್ನೋ ಥರ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಸಿಸ್ಟಮ್ಮು ಪ್ರೋಗ್ರಾಮುಗಳಿಗೆ ಕೊಡೋ ಹೆಸರಿಟ್ಟ ವ್ಯಾಲ್ಯೂ) ಕೊಟ್ಟು, ಟೇಬಲ್‌ಗಳಲ್ಲಿ ಬರೀ ಆ ವೇರಿಯಬಲ್ ಮೂಲಕನೇ ಪಾತ್ ಬರೆಯೋದು. ವೇರಿಯಬಲ್ ಹೆಸರಲ್ಲಿ ವರ್ಶನ್ ನಂಬರ್ ಮಾತ್ರ ಬೇಡ, ಕೀಕ್ಯಾಡಿನ ಸ್ವಂತ ವೇರಿಯಬಲ್‌ಗಳಲ್ಲಿ 6, 7, 8 ಅಂತ ಇರತ್ತೆ, ಅದು ಅವರ ಲೈಬ್ರರಿಗೆ ಸರಿ, ನಮ್ಮದಕ್ಕೆ ಯಾಕೆ ಪ್ರತಿ ವರ್ಷ ಹೆಸರು ಬದಲಾಯಿಸೋ ಕೆಲಸ. ಪ್ರಿಫರೆನ್ಸಸ್ ಮೆನುವಿನ ಕಾನ್ಫಿಗರ್ ಪಾತ್ಸ್‌ನಲ್ಲೂ ವೇರಿಯಬಲ್ ಸೇರಿಸಬಹುದು, ಆದ್ರೆ ಅದು ಮತ್ತೆ ಆ ಯೂಸರ್ ಒಬ್ಬನಿಗೇ. ಸಿಸ್ಟಮ್ ಲೆವೆಲಲ್ಲಿ ಹಾಕಿದ್ರೆ ಎಲ್ಲರಿಗೂ ಸಿಗತ್ತೆ.

ಲಿನಕ್ಸಲ್ಲಿ ಇಟಿಸಿ ಕೆಳಗಿನ ಎನ್ವಿರಾನ್‌ಮೆಂಟ್ ಫೈಲೇ ಒಳ್ಳೇದು. ಬ್ಯಾಶ್ ಆರ್‌ಸಿಲಿ (ಟರ್ಮಿನಲ್ ಶೆಲ್ಲಿನ ಸೆಟಪ್ ಫೈಲಲ್ಲಿ) ಎಕ್ಸ್‌ಪೋರ್ಟ್ ಹಾಕಿ ಟರ್ಮಿನಲ್ಲಲ್ಲಿ ಓಡಿಸಿ ನೋಡಿ ಆಯ್ತು ಅಂತ ಹೋಗಿಬಿಡ್ತಾರೆ, ಮೆನು ಐಕಾನಿಂದ ಕೀಕ್ಯಾಡ್ ತೆಗೆದಾಗ ಆ ವೇರಿಯಬಲ್ ಸಿಗಲ್ಲ. ಒಂದೇ ಎಚ್ಚರಿಕೆ, ಆ ಫೈಲು ಸ್ಕ್ರಿಪ್ಟ್ ಅಲ್ಲ, ಒಳಗೆ ಡಾಲರ್ ಹೋಮ್ ಅಂತ ಬರೆದ್ರೆ ಶೆಲ್ ಥರ ಬಿಡಿಸಿಕೊಳ್ಳಲ್ಲ, ಪಾತ್ ಪೂರ್ತಿ ಬರೀಬೇಕು. ವಿಂಡೋಸಲ್ಲಿ ಅಡ್ಮಿನ್ ಆಗಿ ಸೆಟ್‌ಎಕ್ಸ್ ಕಮಾಂಡಿಗೆ ಎಂ ಸ್ವಿಚ್ ಹಾಕಿದ್ರೆ ಇಡೀ ಮೆಷೀನಿಗೆ ಆಗತ್ತೆ. ಎರಡರಲ್ಲೂ ಲಾಗೌಟ್ ಆಗಿ ಬಂದೇ ನೋಡಿ, ಆಗ್ಲೇ ಓಡ್ತಿರೋ ಪ್ರೋಗ್ರಾಮಿಗೆ ಹೊಸ ವ್ಯಾಲ್ಯೂ ತಲುಪಲ್ಲ.

ವೇರಿಯಬಲ್ ಆಯ್ತು, ಟೇಬಲ್ ಎಲ್ಲರ ಹತ್ರ ಹೋಗೋದು ಹೇಗೆ? ಲಿನಕ್ಸಾದ್ರೆ ಇಟಿಸಿ ಕೆಳಗಿನ ಸ್ಕೆಲ್ ಫೋಲ್ಡರಲ್ಲಿ ರೆಡಿ ಮಾಡಿದ ಟೇಬಲ್ ಇಟ್ರೆ ಮುಂದೆ ಮಾಡೋ ಅಕೌಂಟಿಗೆಲ್ಲಾ ತಾನೇ ಹೋಗತ್ತೆ, ಆದ್ರೆ ಈಗಾಗ್ಲೇ ಇರೋ ಅಕೌಂಟುಗಳಿಗೆ ನೀವೇ ಕಾಪಿ ಮಾಡಬೇಕು, ಅದಕ್ಕೊಂದು ಸಣ್ಣ ಲೂಪ್ ಬರೆದ್ರೆ ಸಾಕು, ಕೊನೆಗೆ ಫೈಲಿನ ಓನರ್ ಬದಲಾಯಿಸೋದು ಮರೀಬೇಡಿ, ರೂಟ್ ಹೆಸರಲ್ಲೇ ಉಳಿದ್ರೆ ಮಕ್ಕಳು ತಮ್ಮ ಲೈಬ್ರರಿ ಸೇರಿಸಕ್ಕೆ ಹೋದಾಗ ಸೇವ್ ಆಗಲ್ಲ.

ಲೈಬ್ರರಿ ಫೋಲ್ಡರ್ ಮಾತ್ರ ಎಲ್ಲರಿಗೂ ಓದಕ್ಕಷ್ಟೇ, ಬರೆಯಕ್ಕೆ ಒಬ್ರಿಗೋ ಇಬ್ರಿಗೋ. ಇದರಲ್ಲಿ ನಾನು ಸ್ವಲ್ಪ ಹಠಮಾರಿ. ಫುಟ್‌ಪ್ರಿಂಟ್ ಆದ್ರೆ ಒಂದೊಂದೂ ಬೇರೆ ಫೈಲು, ಆದ್ರೆ ಸಿಂಬಲ್ ಲೈಬ್ರರಿ ಅಂದ್ರೆ ಸಾಮಾನ್ಯವಾಗಿ ಎಲ್ಲಾ ಸೇರಿ ಒಂದೇ ಫೈಲು, ಇಬ್ರು ಒಟ್ಟಿಗೆ ಎಡಿಟ್ ಮಾಡಿದ್ರೆ ಮೊದಲು ಸೇವ್ ಮಾಡಿದವನ ಕೆಲಸ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಇನ್ನೂ ದೊಡ್ಡದು ಇದೆ: ಯಾರೋ ಒಬ್ರು ಹೊಸ 9 ಹಾಕ್ಕೊಂಡು ಶೇರ್ಡ್ ಲೈಬ್ರರಿ ತೆಗೆದು ಸೇವ್ ಒತ್ತಿದ್ರೋ, 8ರಲ್ಲಿ ಇರೋ ಮಿಕ್ಕವರಿಗೆಲ್ಲಾ ಆ ಫೈಲ್ ಓಪನ್ನೇ ಆಗಲ್ಲ, ಹಳೇ ವರ್ಶನ್ ಹೊಸ ಫಾರ್ಮ್ಯಾಟ್ ಓದಲ್ಲ. ಇಂಟರ್ನಲ್ಸ್ ಇರೋ ವಾರದಲ್ಲೇ ಇಂಥದ್ದೆಲ್ಲಾ ಆಗೋದು. ರೀಡ್ ಓನ್ಲಿ ಇದ್ರೆ ಈ ಗೋಳೇ ಇಲ್ಲ.

ಹಾಗಂತ ಒಂದೇ ಪ್ರಾಜೆಕ್ಟಿಗೆ ಬೇಕಾದ ವಿಚಿತ್ರ ಪಾರ್ಟುಗಳನ್ನೆಲ್ಲಾ ಶೇರ್ಡ್ ಲೈಬ್ರರಿಗೆ ತುಂಬೋದೂ ಬೇಡ, ಅದು ಪ್ರಾಜೆಕ್ಟ್ ಫೋಲ್ಡರಲ್ಲೇ ಇರಲಿ, ಪ್ರಾಜೆಕ್ಟ್ ಇರೋ ಜಾಗನ ಹೇಳೋ ವೇರಿಯಬಲ್ ಕೀಕ್ಯಾಡಲ್ಲೇ ಇದೆ, ಟೇಬಲ್ಲಲ್ಲಿ ಅದನ್ನ ಹಾಕಿದ್ರೆ ಜಿಪ್ ಮಾಡಿ ಪೆನ್‌ಡ್ರೈವಲ್ಲಿ ಮನೆಗೆ ತಗೊಂಡೋದ್ರೂ ನಡೆಯತ್ತೆ. 3ಡಿ ಮಾಡೆಲ್ ಫೈಲಿಗೂ ಅದೇ ವೇರಿಯಬಲ್ ಹಾಕಿ.

ಲಿನಕ್ಸಲ್ಲಿ ಕೀಕ್ಯಾಡನ್ನ ಫ್ಲಾಟ್‌ಪ್ಯಾಕಲ್ಲಿ (ಆಪನ್ನ ಮಿಕ್ಕ ಸಿಸ್ಟಮ್ಮಿಂದ ಬೇರೆ ಇಟ್ಟು ಓಡಿಸೋ ಪ್ಯಾಕೇಜ್) ಹಾಕಿದ್ರೆ ಮೇಲಿನ ಲೆಕ್ಕ ಸ್ವಲ್ಪ ತಪ್ಪತ್ತೆ, ಕಾನ್ಫಿಗ್ ಹೋಮಿನ ಡಾಟ್ ವಾರ್ ಒಳಗೆ ಹೋಗಿ ಕೂರತ್ತೆ, ಲೈಬ್ರರಿ ಫೋಲ್ಡರ್ ಒಳಗಿಂದ ಕಾಣದಿದ್ರೆ ಓವರ್‌ರೈಡ್ ಕಮಾಂಡಲ್ಲಿ ಆ ಫೋಲ್ಡರಿಗೆ ಪರ್ಮಿಶನ್ ಕೊಡಬೇಕು. ಲ್ಯಾಬಿಗಾದ್ರೆ ಡಿಸ್ಟ್ರೋ (ನಿಮ್ಮ ಲಿನಕ್ಸ್ ಆವೃತ್ತಿ) ಕೊಡೋ ಪ್ಯಾಕೇಜೇ ವಾಸಿ, ವರ್ಶನ್ ಸ್ವಲ್ಪ ಹಳೇದಾದ್ರೂ ಎಲ್ಲಾ ಮೆಷೀನಲ್ಲೂ ಒಂದೇ ಇರತ್ತಲ್ಲ.