ಪಟ್ಟಿ ಇದೆಯಲ್ಲ, ಸಾಕಲ್ವಾ?

ನನಗೆ ಕಣ್ಣು ಕಾಣುವುದಿಲ್ಲ. ಕೆಲಸ ಮಾಡುವುದು ಡಿಜಿಟಲ್ ನಕ್ಷೆಗಳ ಮೇಲೆ. ವೆಬ್‌ಸೈಟಿನಲ್ಲಿ, ಆ್ಯಪಿನಲ್ಲಿ ಇರುವ ನಕ್ಷೆಯನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಬಳಸುವವರೂ ಓದಿಕೊಳ್ಳುವ ಹಾಗೆ ಮಾಡಿಸುವುದು ನನ್ನ ಪಾಲಿನ ಕೆಲಸ. ಎಷ್ಟೋ ವರ್ಷಗಳಿಂದ ಇದರಲ್ಲೇ ಇದ್ದೇನೆ. ಅದರಲ್ಲಿ ಒಂದು ದಿನ ಮಾತ್ರ ಮತ್ತೆ ಮತ್ತೆ ನೆನಪಾಗುತ್ತದೆ.

ಅವತ್ತು ಪರೀಕ್ಷೆಗೆ ಬಂದದ್ದು ಪ್ರವಾಹದ ನಕ್ಷೆ. ನದಿ ಉಕ್ಕಿದರೆ ನೀರು ಎಲ್ಲೆಲ್ಲಿ ನುಗ್ಗುತ್ತದೆ ಅನ್ನುವುದನ್ನು ನೀಲಿ ಬಣ್ಣದಲ್ಲಿ ತೋರಿಸಿದ್ದರು. ಜನ ಹೋಗಿ ಉಳಿಯಬೇಕಾದ ಪರಿಹಾರ ಕೇಂದ್ರಗಳಿಗೆ ಒಂದೊಂದು ಪಿನ್ ಹಾಕಿದ್ದರು. ನಾನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು ಟ್ಯಾಬ್ ಕೀ ಒತ್ತಿದೆ. 'ಮಾರ್ಕರ್, ಬಟನ್' ಅಂದಿತು. ಮತ್ತೆ ಒತ್ತಿದೆ. 'ಮಾರ್ಕರ್, ಬಟನ್.' ಕೊನೆಯ ಪಿನ್‌ವರೆಗೂ ಇದೇ ಮಾತು. ಝೂಮ್ ಬಟನ್ ಒತ್ತಿದರೆ ಏನಾಯಿತೆಂದು ಹೇಳುವ ಸದ್ದೇ ಇಲ್ಲ. ನೀಲಿ ಜಾಗವಂತೂ ನನ್ನ ಪಾಲಿಗೆ ಇರಲೇ ಇಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ಎಷ್ಟೋ ವೆಬ್ ನಕ್ಷೆಗಳಲ್ಲಿ ಹಿನ್ನೆಲೆ ಅಂದರೆ ಸಣ್ಣ ಸಣ್ಣ ಚೌಕದ ಚಿತ್ರಗಳು. ಸಾಮಾನ್ಯವಾಗಿ ಉದ್ದ 256, ಅಗಲ 256 ಪಿಕ್ಸೆಲ್. ಅವನ್ನೇ ಪಕ್ಕಪಕ್ಕ ಜೋಡಿಸಿರುತ್ತಾರೆ. ರಸ್ತೆಯ ಹೆಸರು ಅಲ್ಲಿ ಅಕ್ಷರವಲ್ಲ, ಬರೀ ಬಣ್ಣ. ಸ್ಕ್ರೀನ್ ರೀಡರ್ ಓದುವುದು ಪುಟದೊಳಗೆ ಅಕ್ಷರವಾಗಿ ಇರುವುದನ್ನು ಮಾತ್ರ. ಹೊಸ ಬಗೆಯ ನಕ್ಷೆಗಳು ಇಡೀ ಚಿತ್ರವನ್ನು ಒಂದೇ ಕ್ಯಾನ್ವಾಸಿನ ಮೇಲೆ ಬರೆಯುತ್ತವೆ. ಆಗ ಬೇರೆ ಏರ್ಪಾಡು ಮಾಡದಿದ್ದರೆ ಊರು, ನದಿ, ರಸ್ತೆ ಎಲ್ಲ ಸೇರಿ ನಮಗೆ ಒಂದು ಖಾಲಿ ಪೆಟ್ಟಿಗೆ.

ಮೀಟಿಂಗಿನಲ್ಲಿ ಇದನ್ನು ಹೇಳಿದೆ. ಡೆವಲಪರ್ ಕೇಳಿದರು, "ಕೆಳಗಡೆ ಪಟ್ಟಿ ಕೊಟ್ಟಿದ್ದೀವಲ್ಲ, ಸಾಕಲ್ವಾ?"

ಪಟ್ಟಿ ಚೆನ್ನಾಗಿಯೇ ಇತ್ತು. ಕೇಂದ್ರದ ಹೆಸರು, ವಿಳಾಸ, ಫೋನ್ ನಂಬರ್, ಎಲ್ಲ ಅಕಾರಾದಿಯಲ್ಲಿ. ಅವರ ಪ್ರಶ್ನೆಗೆ ನಿಯಮದ ಬಲವೂ ಇದೆ. ಸರ್ಕಾರಿ ವೆಬ್‌ಸೈಟುಗಳ ಬಗ್ಗೆ ಯುರೋಪಿಯನ್ ಒಕ್ಕೂಟ 2016ರಲ್ಲಿ ತಂದ ನಿರ್ದೇಶನವೇ ಆನ್‌ಲೈನ್ ನಕ್ಷೆಗಳಿಗೆ ವಿನಾಯಿತಿ ಕೊಡುತ್ತದೆ. ದಾರಿ ಹುಡುಕಲು ಬಳಸುವ ನಕ್ಷೆಯಾದರೆ ಮುಖ್ಯ ಮಾಹಿತಿಯನ್ನು ಎಲ್ಲರಿಗೂ ಸಿಗುವ ಡಿಜಿಟಲ್ ರೂಪದಲ್ಲಿ ಕೊಡಿ ಅನ್ನುತ್ತದೆ, ಅಷ್ಟೆ. ಈ ವಿನಾಯಿತಿ ನಮಗೆ ತುಂಬಾ ನಷ್ಟ ಮಾಡಿದೆ ಅಂತ ನನ್ನ ಅಭಿಪ್ರಾಯ. ಪಟ್ಟಿ ಹಾಕಿ ಕೈತೊಳೆದುಕೊಳ್ಳುವುದೇ ರೂಢಿಯಾಗಿಬಿಟ್ಟಿದೆ.

ನಾನು ವಾದ ಮಾಡಲಿಲ್ಲ. ನಕ್ಷೆ ಬರೆದ ಡಿಸೈನರ್ ಅಲ್ಲೇ ಇದ್ದರು. "ಪಟ್ಟಿ ಬಿಡಿ. ನಕ್ಷೆ ನೋಡಿ ನಿಮಗೇನು ಗೊತ್ತಾಗುತ್ತೋ ಅದನ್ನು ನನಗೆ ಹೇಳಿ" ಅಂದೆ.

"ನದಿ ಉತ್ತರದಿಂದ ದಕ್ಷಿಣಕ್ಕೆ ಹರೀತಿದೆ" ಅಂದರು. "ಪಶ್ಚಿಮದ ದಡದಲ್ಲಿ ಕೇಂದ್ರಗಳು ಜಾಸ್ತಿ, ಒತ್ತೊತ್ತಾಗಿವೆ. ಪೂರ್ವದ ಕಡೆ ಎರಡೇ. ಎರಡೂ ದೂರ ದೂರ. ಮಧ್ಯೆ ಒಂದು ಸೇತುವೆ..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ, "ಸೇತುವೆ ನೀಲಿಯೊಳಗಿದೆ" ಅಂದರು.

ಅಂದರೆ ಪೂರ್ವದ ದಡದಲ್ಲಿರುವ ಎಷ್ಟೋ ಜನರಿಗೆ ಅತಿ ಹತ್ತಿರದ ಕೇಂದ್ರ ನದಿಯಾಚೆ ಇದೆ. ನೆರೆ ಬಂದಾಗ ಆ ಸೇತುವೆ ದಾಟುವ ಹಾಗಿಲ್ಲ. ಕಣ್ಣಿರುವವರಿಗೆ ಒಂದೇ ನೋಟಕ್ಕೆ ಸಿಗುವ ವಿಷಯ ಇದು. ಪಟ್ಟಿಯಲ್ಲಿ ಇದರ ಸುಳಿವೂ ಇಲ್ಲ. ದೂರದ ಲೆಕ್ಕದಲ್ಲಿ ಜೋಡಿಸಿದರಂತೂ ಇನ್ನೂ ಅಪಾಯ. ಹೋಗಲಾಗದ ಕೇಂದ್ರವೇ ಮೊದಲು ಬರುತ್ತದೆ. ಪ್ರಾಣದ ಪ್ರಶ್ನೆ ಇರುವ ಕಡೆ ಒಬ್ಬರಿಗೆ ನಕ್ಷೆ, ಇನ್ನೊಬ್ಬರಿಗೆ ವಿಳಾಸದ ಪಟ್ಟಿ ಅನ್ನುವುದು ನ್ಯಾಯವಲ್ಲ. ಅಷ್ಟು ಹೇಳಿದೆ. ಯಾರೂ ಎದುರಾಡಲಿಲ್ಲ.

ಮಧ್ಯಾಹ್ನದಿಂದ ಮೂವರೂ ಕೂತೆವು. ಮೊದಲು ಡಿಸೈನರ್ ಬಾಯಲ್ಲಿ ಹೇಳಿದ್ದನ್ನೇ ನಾಲ್ಕು ಸಾಲಿಗೆ ಇಳಿಸಿ ನಕ್ಷೆಯ ತಲೆಯ ಮೇಲೆ ಹಾಕಿದೆವು. ಪಿನ್‌ಗಳಿಗೆ ಹೆಸರು ಬಂತು. ಝೂಮ್ ಮಾಡಿದಾಗ ಈಗ ಎಷ್ಟು ಜಾಗ, ಎಷ್ಟು ಕೇಂದ್ರ ಕಾಣುತ್ತಿದೆ ಎಂದು ಹೇಳುವ ಹಾಗಾಯಿತು. ಎಳೆದು ಸರಿಸುವುದರ ಜೊತೆಗೆ ಬಟನ್ ಕೂಡ ಇಟ್ಟೆವು. ವೆಬ್‌ಸೈಟು ಅಂಗವಿಕಲರಿಗೂ ಬಳಸಲು ಬರುವ ಹಾಗೆ ಮಾಡುವುದು ಹೇಗೆ ಎಂದು ಹೇಳುವ ಮಾರ್ಗಸೂಚಿಯ (ಡಬ್ಲ್ಯುಸಿಎಜಿ) 2.2ನೇ ಆವೃತ್ತಿ 2023ರಲ್ಲಿ ಬಂದಾಗ ಇದನ್ನೂ ಸೇರಿಸಿದೆ. ಕೈ ನಡುಗುವವರಿಗೂ ಅದು ಬೇಕು. ನೀಲಿಯ ಮೇಲೆ ಗೆರೆ ಎಳೆದದ್ದು ಬಣ್ಣ ಗುರುತಿಸಲು ಕಷ್ಟವಾಗುವವರಿಗಾಗಿ.

ಜಾಸ್ತಿ ಹೊತ್ತು ಹಿಡಿದದ್ದು ಪಿನ್ ಏನು ಹೇಳಬೇಕು ಅನ್ನುವುದು. ಡೆವಲಪರ್ ಬರೆದದ್ದು, 'ಇಲ್ಲಿಂದ ಆಗ್ನೇಯಕ್ಕೆ 900 ಮೀಟರ್ ದೂರದಲ್ಲಿ, ನದಿಯ ಪೂರ್ವ ದಡದಲ್ಲಿರುವ ಪರಿಹಾರ ಕೇಂದ್ರ, ಸರ್ಕಾರಿ ಶಾಲೆ.' ಎಲ್ಲ ಸರಿ, ಆದರೆ ಹೆಸರು ಕೊನೆಗೆ ಬಂತು. ನಾವು ಕಿವಿಯಲ್ಲಿ ಓದುವವರು. ಬೇಕಾದದ್ದು ಸಿಕ್ಕ ಕೂಡಲೇ ಮುಂದಿನದಕ್ಕೆ ಹಾರುತ್ತೇವೆ. ಹಾಗಾಗಿ ತಿರುಗಿಸಿದೆವು: 'ಸರ್ಕಾರಿ ಶಾಲೆ, ಪೂರ್ವ ದಡ, 900 ಮೀಟರ್, ಆಗ್ನೇಯ.' ದಡ ದೂರಕ್ಕಿಂತ ಮೊದಲು ಬರಲೇಬೇಕು ಅಂತ ನಾನು ಹಟ ಹಿಡಿದೆ.

ಕೊನೆಗೆ ಬಾಣದ ಕೀಗಳು. ಒಂದೊಂದು ಸಲ ಒತ್ತಿದಾಗಲೂ ನಕ್ಷೆಯ ಮೇಲೆ ಒಂದು ಹೆಜ್ಜೆ. ಅಲ್ಲಿ ಏನಿದೆಯೋ ಅದನ್ನು ಹೇಳುತ್ತದೆ. 'ರಸ್ತೆ. ರಸ್ತೆ, ನೀರು ನುಗ್ಗುವ ಜಾಗ. ಸೇತುವೆ, ನೀರು ನುಗ್ಗುವ ಜಾಗ. ನದಿ.'

ಫೋನಿನ ಆ್ಯಪುಗಳು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅನ್ನುತ್ತವಲ್ಲ, ಅದು ಸಾಲದಾ ಅಂತ ಅನೇಕರು ಕೇಳುತ್ತಾರೆ. ಆ ದನಿ ನನಗೂ ದಿನಾ ಬೇಕು. ಆದರೆ ಅದು ಹೇಳುವುದು ಒಂದು ದಾರಿ. ಆ ದಾರಿ ಮುಚ್ಚಿದರೆ ಸುತ್ತ ಏನಿದೆ ಅಂತ ಯೋಚಿಸಲು ನಕ್ಷೆಯೇ ಬೇಕು. ಜೋಶುವಾ ಮೀಲಿ ಎಂಬ ವಿಜ್ಞಾನಿ ಇದ್ದಾರೆ, ಅವರಿಗೂ ಕಣ್ಣು ಕಾಣುವುದಿಲ್ಲ. ಬೇಕಾದ ಬೀದಿಯ ಉಬ್ಬು ನಕ್ಷೆಯನ್ನು ಕಂಪ್ಯೂಟರೇ ತಯಾರಿಸಿ ಕೊಡುವ ಟಿಮ್ಯಾಪ್ ಅವರ ಕೆಲಸ. 2021ರಲ್ಲಿ ಅವರಿಗೆ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಾಗ ನಮ್ಮಂಥವರಿಗೆಲ್ಲ ಹಿಗ್ಗು. ಬೆರಳಲ್ಲಿ ಅಂಥ ನಕ್ಷೆ ಸವರಿದವರಿಗೆ ದಾರಿಗೂ ನಕ್ಷೆಗೂ ಇರುವ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಸಂಜೆ ಒಬ್ಬ ಗೆಳತಿಗೆ ಲಿಂಕ್ ಕಳಿಸಿದೆ. ಅವಳೂ ಸ್ಕ್ರೀನ್ ರೀಡರ್ ಬಳಸುವವಳು, ಈ ನಕ್ಷೆಯ ಬಗ್ಗೆ ಏನೂ ಗೊತ್ತಿಲ್ಲದವಳು. ಬಾಣದ ಕೀ ಒತ್ತುತ್ತಾ ನದಿಯ ಗುಂಟ ಹೋದಳು. ಫೋನಿನಲ್ಲಿ ನನಗೆ ಅವಳ ಕೀಗಳ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದಳು, "ಈ ಸೇತುವೆ ಮುಳುಗುತ್ತೆ ಸರಿ. ಉತ್ತರಕ್ಕೆ ಹೋದರೆ ಇನ್ನೊಂದು ಸೇತುವೆ ಇಲ್ವಾ?"

ಡಿಸೈನರ್ ಹುಡುಕಿದರು. ಇತ್ತು, ಆದರೆ ನಕ್ಷೆಯ ಅಂಚಿನಿಂದ ಸ್ವಲ್ಪ ಆಚೆ. ಮುಂದಿನ ಆವೃತ್ತಿಯಲ್ಲಿ ನಕ್ಷೆಯನ್ನು ಅಲ್ಲಿಯವರೆಗೆ ಬೆಳೆಸಿದರು. ಆ ಸೇತುವೆ ಈಗ ಎಲ್ಲರಿಗೂ ಕಾಣುತ್ತದೆ. ನೀಲಿ ಜಾಗದ ಆಕಾರವನ್ನು ಮಾತ್ರ ಮಾತಿನಲ್ಲಿ ಹಿಡಿಯುವುದು ಇನ್ನೂ ಕಷ್ಟ. ಅಂಚು ಬಂದಾಗ ಸದ್ದು ಬದಲಾಗುವ ಹಾಗೆ ಮಾಡಿ ನೋಡುತ್ತಿದ್ದೇವೆ.