ಡೆಲ್ಫ್ಟ್‌ನಲ್ಲಿ ನೀರಗಂಟಿ ಕೆಲಸ

"ಅಲ್ಲ ಮಗ, ಅಷ್ಟು ದೂರ ಹೋಗಿ ಕೊಳಚೆ ನೀರು ಕಾಯ್ತೀಯಾ?" ಅಂತ ಅಜ್ಜಿ ಫೋನಿನಲ್ಲಿ ಕೇಳಿದಳು. ಹೂಂ, ಕಾಯ್ತೀನಿ ಅಂದೆ. ನಿಜ ಅದೇ ಅಲ್ವಾ?

ನಮ್ಮೂರು ಕೋಲಾರದ ನರಸಾಪುರದ ಹತ್ತಿರ. ನಾನಿರುವುದು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ. ನಮ್ಮಲ್ಲಿ ನೀರು ತರಿಸುವ ಪಾಡು, ಇಲ್ಲಿ ಪಂಪು ಹಾಕಿ ನೀರನ್ನು ಆಚೆ ತಳ್ಳುವ ಪಾಡು. ನನ್ನ ಸಂಶೋಧನೆ ಮಾತ್ರ ಚರಂಡಿ ನೀರಿನದ್ದು.

ಕೊಳಚೆ ನೀರಿನಲ್ಲಿ ಅಮೋನಿಯಾ ಇರುತ್ತದೆ. ಗಾಳಿ ಊದಿದರೆ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ಇಲ್ಲದ ತೊಟ್ಟಿಯಲ್ಲಿ ಇನ್ನೊಂದು ಜಾತಿಯವು ಆ ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಉಸಿರಾಡಿ ಅದನ್ನು ಸಾರಜನಕ ಮಾಡಿ ಆಕಾಶಕ್ಕೆ ಬಿಡುತ್ತವೆ. ಎಷ್ಟು ಗಾಳಿ, ಯಾವಾಗ? ನನ್ನ ಪ್ರೋಗ್ರಾಂ ನೋಡಿಕೊಳ್ಳುವುದು ಇಷ್ಟೇ. ಸಾಮಾನ್ಯವಾಗಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಸಾಕು. ಜಾಸ್ತಿ ಊದಿದರೆ ಕರೆಂಟು ದಂಡ. ಇಂಥ ಘಟಕಗಳಲ್ಲಿ ಸುಮಾರು ಅರ್ಧ ಕರೆಂಟು ಗಾಳಿಗೇ ಹೋಗುತ್ತದೆ. ಕಡಿಮೆ ಊದಿದರೆ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಹೆಸರಿಗೆ ನಗೆ ಅನಿಲ, ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಜೋರು.

ಮೊದಲ ಚಳಿಗಾಲದಲ್ಲಿ ಪ್ರಯೋಗದ ತೊಟ್ಟಿಯನ್ನು ಕೆಡಿಸಿದೆ. ಚಳಿಗೆ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯಾ ಏರಿತು. ಗಾಳಿ ಹೆಚ್ಚಿಸಿದೆ. ಇಪ್ಪತ್ತು ನಿಮಿಷ ಕಾದೆ, ಇಳಿಯಲಿಲ್ಲ. ಮತ್ತೆ ಹೆಚ್ಚಿಸಿದೆ, ಮತ್ತೆ. ಸಂಜೆ ಹೊತ್ತಿಗೆ ಆಮ್ಲಜನಕ ಉಕ್ಕಿ ಪಕ್ಕದ, ಗಾಳಿ ಇರಬಾರದ ತೊಟ್ಟಿಗೂ ಹೋಯ್ತು. ಅಲ್ಲಿನ ಬ್ಯಾಕ್ಟೀರಿಯಾ ಪುಕ್ಕಟೆ ಆಮ್ಲಜನಕ ಸಿಕ್ಕಿದ ಮೇಲೆ ನೈಟ್ರೇಟ್ ಯಾಕೆ ಮುಟ್ಟುತ್ತವೆ? ಸರಿಯಾಗಲು ಎರಡು ದಿನ ಹಿಡಿಯಿತು.

ಆಗ ನೆನಪಾದದ್ದು ತಾತ. ಅವರು ಊರ ಕೆರೆಯ ನೀರಗಂಟಿ, ಗದ್ದೆಗಳಿಗೆ ನೀರು ಹಂಚುವವರು. ತೂಬು ಎತ್ತಿದ ಮೇಲೆ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಕಾಲುವೆ ಪಕ್ಕದಲ್ಲಿ ನೀರಿನ ಜೊತೆಗೇ ನಡೆಯುತ್ತಿದ್ದರು. ಕೊನೇ ಗದ್ದೆಗೆ ನೀರು ಮುಟ್ಟಿದ್ದು ಕಣ್ಣಾರೆ ನೋಡುವ ತನಕ ಮತ್ತೆ ತೂಬು ಮುಟ್ಟುತ್ತಿರಲಿಲ್ಲ. ಯಾರು ಕೂಗಾಡಿದರೂ ಅಷ್ಟೇ. ನಾನು ಕಾಲುವೆ ನಡೆಯದೆ ತೂಬಿನ ಹತ್ತಿರವೇ ಕೂತು ಎತ್ತುತ್ತಾ ಇದ್ದೆ. ಈಗ ಪ್ರೋಗ್ರಾಂ ಒಂದು ಸಲ ಸ್ವಲ್ಪವೇ ಬದಲಿಸುತ್ತದೆ, ಆಮೇಲೆ ಸುಮ್ನೆ ಕಾಯುತ್ತದೆ.

ಊರಿಗೂ ಈಗ ಸಂಸ್ಕರಿಸಿದ ನೀರು ಬರುತ್ತಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿದ್ದು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದಾಗಿನ ಖುಷಿ ನಮ್ಮವರ ಮುಖದಲ್ಲೇ ನೋಡಿದ್ದೇನೆ, ಅದನ್ನು ಹಗುರ ಮಾಡಲಾರೆ. ಆದರೆ ಅದು ಎರಡು ಹಂತದ ಸಂಸ್ಕರಣೆ ಆದ ನೀರು, ಸಾರಜನಕ, ರಂಜಕ ಉಳಿದೇ ಇರುತ್ತವೆ. ಕೆರೆ ಹಸಿರುಗಟ್ಟುವುದು ಅವುಗಳಿಂದಲೇ.

ಕಳೆದ ಸಲ ಬಂದಾಗ ನೈಟ್ರೇಟ್ ಇದ್ದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ತಂದಿದ್ದೆ. ಚಿಕ್ಕಮ್ಮನ ಬೋರ್ ನೀರಿಗೆ ಅದ್ದಿದೆ. ಒಂದು ನಿಮಿಷಕ್ಕೆ ಗುಲಾಬಿ ಬಣ್ಣ ಬಂತು, 50ರ ಗುರುತಿಗೆ ಹತ್ತಿರ. ಕುಡಿಯಲು ಮಿತಿ ಲೀಟರಿಗೆ 45 ಮಿಲಿಗ್ರಾಂ. ಈ ಪಟ್ಟಿ ಅಂದಾಜು ಅಷ್ಟೇ, ಲ್ಯಾಬಿಗೆ ಕೊಡಿ ಅಂದೆ. ನಮ್ಮ ಗೊಬ್ಬರದ್ದೂ ಇರಬಹುದು, ಚರಂಡಿಯದ್ದೂ ಇರಬಹುದು.

"ಕಾಯಿಸಿ ಕುಡೀತೀವಿ ಬಿಡು," ಅಂದರು ಚಿಕ್ಕಮ್ಮ. ಕಾಯಿಸಿದರೆ ನೀರು ಆವಿಯಾಗುತ್ತೆ, ನೈಟ್ರೇಟ್ ಅಲ್ಲೇ ಉಳಿಯುತ್ತೆ ಅಂದೆ. ಮುಖ ನೋಡಿದರು, ಏನೂ ಅನ್ನಲಿಲ್ಲ. ಮಾರನೇ ದಿನ ಕುಡಿಯೋಕೆ ಆರ್‌ಓ ಘಟಕದ ಕ್ಯಾನು ಬಂತು. ಬೋರ್ ನೀರು ಪೂರ್ತಿ ಟೊಮೆಟೊ ತೋಟಕ್ಕೆ. "ಅದಕ್ಕೆ ಗೊಬ್ಬರ ಉಳೀತಲ್ಲ," ಅಂದರು.